ಊರಿನ ಪುಸ್ತಕದಂಗಡಿ ಯಾರಿಗೆ ಬೇಕು?



ನಮ್ಮ ಬೇ ಏರಿಯಾದ ಮೆನ್ಲೋ ಪಾರ್ಕಿನಲ್ಲಿ, ಎಲ್ ಕಮೀನೋ ರಿಯಾಲ್ ರಸ್ತೆಯ ಮೇಲೆ, ಕೆಪ್ಲರ್ಸ್ ಎಂಬ ಪುಸ್ತಕದಂಗಡಿ ಇದೆ. ನಿಮ್ಮಲ್ಲಿ ಎಷ್ಟೋ ಜನ ಅದರ ಮುಂದೆ ಕಾರಿನಲ್ಲಿ ಹೋಗಿರುತ್ತೀರಿ, ಕೆಲವರು ಒಳಗೂ ಹೋಗಿರುತ್ತೀರಿ. ಅದನ್ನು 1955ರಲ್ಲಿ ರಾಯ್ ಕೆಪ್ಲರ್ ಎಂಬುವರು ಶುರುಮಾಡಿದರು. ಆಗಿನ್ನೂ ಬಹಳ ಅಂಗಡಿಯವರಿಗೆ ಪೇಪರ್‌ಬ್ಯಾಕ್ ಪುಸ್ತಕವೆಂದರೆ ತಾತ್ಸಾರ, ದಪ್ಪ ರಟ್ಟಿನ ಪುಸ್ತಕಕ್ಕೆ ಮಾತ್ರ ಮರ್ಯಾದೆ. ಕೆಪ್ಲರ್ ಅವರು ಬೇಕೆಂದೇ ಪೇಪರ್‌ಬ್ಯಾಕ್‌ಗಳನ್ನು ತುಂಬಿದರು. ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳೂ ಒಳಗೆ ಬಂದರು. ಗಾಯಕಿ ಜೋನ್ ಬಯೇಜ್ ಕೂಡ ಹೆಸರು ಮಾಡುವ ಮೊದಲು ಅಲ್ಲಿಗೆ ಬರುತ್ತಿದ್ದರು. ಪುಸ್ತಕ ಕೊಳ್ಳದಿದ್ದರೂ ಕೂತು ಓದಬಹುದಿತ್ತು, ವಾದ ಮಾಡಬಹುದಿತ್ತು.

2005ರ ಆಗಸ್ಟ್ 31ರಂದು ಈ ಅಂಗಡಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ವ್ಯಾಪಾರ ಇಳಿದಿತ್ತು, ಬಾಡಿಗೆ ಏರಿತ್ತು, ಜನ ಆನ್‌ಲೈನಿನಲ್ಲಿ ಕೊಳ್ಳುವುದನ್ನು ಕಲಿತಿದ್ದರು. ಅಂಗಡಿ ಮುಚ್ಚುವುದು ಹೊಸ ಸುದ್ದಿಯಲ್ಲ. ಆಮೇಲೆ ಆದದ್ದು ಮಾತ್ರ ಅಪರೂಪ. ಊರಿನವರು ಅಂಗಡಿಯ ಮುಂದೆ ಸೇರಿ ಸಭೆ ಮಾಡಿದರು. ಕೆಲವರು ತಮ್ಮ ಹಣ ಹೂಡಿದರು, ಕೆಲವರು ಸಂಬಳವಿಲ್ಲದೆ ಕೆಲಸಕ್ಕೆ ನಿಂತರು. ಅದೇ ವರ್ಷ ಅಕ್ಟೋಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು. 2012ರಲ್ಲಿ ಭಾರತ ಮೂಲದ ಪ್ರವೀಣ್ ಮದನ್ ಅವರ ಮುಂದಾಳತ್ವದಲ್ಲಿ ಅಂಗಡಿ ಹೊಸ ರೂಪ ಪಡೆಯಿತು. ಪುಸ್ತಕ ಮಾರಾಟ ಒಂದು ಕಡೆ, ಲೇಖಕರ ಕಾರ್ಯಕ್ರಮಗಳನ್ನು ನಡೆಸುವ ಲಾಭರಹಿತ ಸಂಸ್ಥೆ ಇನ್ನೊಂದು ಕಡೆ.

ಇದನ್ನು ಓದಿದಾಗ ನನಗೆ ಬಂದ ಪ್ರಶ್ನೆ ಇದು. ಆನ್‌ಲೈನ್ ಜಗತ್ತನ್ನು ಕಟ್ಟಿದ್ದೇ ಈ ಸಿಲಿಕಾನ್ ಕಣಿವೆ. ಇಲ್ಲಿನ ಜನರೇ ಒಂದು ಹಳೇ ಕಾಲದ ಅಂಗಡಿಗೆ ಯಾಕೆ ದುಡ್ಡು ಹಾಕಿದರು?

ಐದು ಡಾಲರಿನ ಲೆಕ್ಕ

"ಅದೇ ಪುಸ್ತಕ ಆನ್‌ಲೈನಿನಲ್ಲಿ ಐದು ಡಾಲರ್ ಕಮ್ಮಿಗೆ ಸಿಗುತ್ತಲ್ಲ ಪುಟ್ಟಿ?" ಇದು ನಮ್ಮಪ್ಪನ ಪ್ರಶ್ನೆ. ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಅಪ್ಪ ಕೇಳಿದ್ದು ತಪ್ಪಲ್ಲ, ಆದ್ದರಿಂದ ಲೆಕ್ಕ ಹಾಕಿ ನೋಡೋಣ.

ಇಪ್ಪತ್ತು ಡಾಲರಿನ ಪುಸ್ತಕ ಎಂದುಕೊಳ್ಳಿ. ಅಮೆರಿಕದಲ್ಲಿ ಅಂಗಡಿಯವರಿಗೆ ಪ್ರಕಾಶಕರಿಂದ ಸಾಮಾನ್ಯವಾಗಿ ಶೇಕಡಾ 40ರಿಂದ 46ರಷ್ಟು ರಿಯಾಯಿತಿ ಸಿಗುತ್ತದೆ. ಅಂದರೆ ಅಂಗಡಿಗೆ ಉಳಿಯುವುದು ಎಂಟು ಅಥವಾ ಒಂಬತ್ತು ಡಾಲರ್. ಬಾಡಿಗೆ, ಸಂಬಳ, ಕರೆಂಟು, ಸಾಗಾಣಿಕೆ ಎಲ್ಲವೂ ಅದರಲ್ಲೇ ಆಗಬೇಕು. ಇಲ್ಲಿ ಐದು ಡಾಲರ್ ಬಿಟ್ಟುಕೊಟ್ಟರೆ ಅಂಗಡಿಯವರ ಕೈಗೆ ಬರುವುದು ಚಿಲ್ಲರೆ ಮಾತ್ರ. 1995ರಲ್ಲಿ ಅಮೆಜಾನ್ ಪುಸ್ತಕ ಮಾರುವುದರಿಂದಲೇ ಶುರುವಾಯಿತು. ಆದರೆ ಇಂದು ಅದು ಸಾವಿರಾರು ಬಗೆಯ ಸಾಮಾನು ಮಾರುತ್ತದೆ. ಪುಸ್ತಕದಲ್ಲಿ ಲಾಭ ಬರದಿದ್ದರೂ ಬೇರೆ ಕಡೆ ಬರುತ್ತದೆ. ಊರಿನ ಪುಸ್ತಕದಂಗಡಿಗೆ ಆ 'ಬೇರೆ ಕಡೆ' ಇಲ್ಲ.

ಹಾಗಾದರೆ ಲೇಖಕರಿಗೆ? ದಪ್ಪ ರಟ್ಟಿನ ಪುಸ್ತಕಕ್ಕೆ ಮುದ್ರಿತ ಬೆಲೆಯ ಶೇಕಡಾ 10ರಿಂದ 15ರವರೆಗೆ ಗೌರವಧನ ಸಿಗುವುದು ಇಲ್ಲಿನ ರೂಢಿ. ನೀವು ಎಲ್ಲಿ ಕೊಂಡರೂ ಲೇಖಕರಿಗೆ ಒಂದು ಪ್ರತಿಯಿಂದ ಸಿಗುವ ಹಣದಲ್ಲಿ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹಾಗಿದ್ದರೂ ಬರಹಗಾರರು ಸಣ್ಣ ಅಂಗಡಿಗಳ ಪರವಾಗಿ ಇಷ್ಟು ಮಾತಾಡುವುದೇಕೆ? ಏಕೆಂದರೆ ಅವರ ಕಷ್ಟ ಇರುವುದು ಪ್ರತಿಗೆ ಎಷ್ಟು ಸಿಗುತ್ತದೆ ಎನ್ನುವುದರಲ್ಲಲ್ಲ. ತಮ್ಮ ಪುಸ್ತಕ ಇದೆ ಎಂದು ಓದುಗರಿಗೆ ಗೊತ್ತಾಗುವುದರಲ್ಲಿ.

ಕೈಗಿಡುವವರು

ಆನ್‌ಲೈನಿನಲ್ಲಿ ನಾವು ಹುಡುಕುವುದು ನಮಗೆ ಮೊದಲೇ ಗೊತ್ತಿರುವ ಹೆಸರನ್ನು. ಕೆಳಗೆ ಬರುವ ಸಲಹೆಗಳೂ ನಾವು ಹಿಂದೆ ಕೊಂಡಿದ್ದರ ಹಾಗೆಯೇ ಇರುತ್ತವೆ. ಡ್ರ್ಯಾಗನ್ ಕಥೆ ಕೊಂಡರೆ ಇನ್ನೂ ಹತ್ತು ಡ್ರ್ಯಾಗನ್‌ಗಳು ಬರುತ್ತವೆ! ಪುಸ್ತಕದಂಗಡಿಯಲ್ಲಿ ಮನುಷ್ಯರು ಇರುತ್ತಾರೆ. ಅಲ್ಲಿ ಕೆಲಸ ಮಾಡುವವರು ತಾವು ಓದಿ ಇಷ್ಟಪಟ್ಟ ಪುಸ್ತಕದ ಕೆಳಗೆ ಕೈಬರಹದ ಸಣ್ಣ ಚೀಟಿ ಅಂಟಿಸುತ್ತಾರೆ. "ನಿನಗೆ ಅದು ಇಷ್ಟವಾಗಿದ್ದರೆ ಇದನ್ನು ಓದು" ಎಂದು ಯಾರೂ ಕೇಳಿರದ ಒಂದು ಪುಸ್ತಕವನ್ನು ಕೈಗಿಡುತ್ತಾರೆ. ಜಾಹೀರಾತಿಗೆ ಹಣವಿಲ್ಲದ ಹೊಸ ಲೇಖಕರಿಗೆ ಆ ಚೀಟಿಯೇ ಜಾಹೀರಾತು.

ಬೆಂಗಳೂರಿನಲ್ಲಿ ಓದಿದ ಅಪ್ಪ-ಅಮ್ಮಂದಿರಿಗೆ ಪ್ರೀಮಿಯರ್ ಬುಕ್‌ಶಾಪ್ ನೆನಪಿರಬಹುದು. ಟಿ. ಎಸ್. ಶಾನಭಾಗ್ ಅವರು 1971ರಿಂದ 2009ರವರೆಗೆ ಚರ್ಚ್ ಸ್ಟ್ರೀಟ್ ಬಳಿ ನಡೆಸಿದ ಪುಟ್ಟ ಅಂಗಡಿ ಅದು. ಪುಸ್ತಕಗಳು ಗುಡ್ಡದಂತೆ ಬಿದ್ದಿರುತ್ತಿದ್ದವಂತೆ. ಆದರೆ ಯಾವ ಪುಸ್ತಕ ಎಲ್ಲಿದೆ, ಯಾರಿಗೆ ಯಾವುದು ಹಿಡಿಸುತ್ತದೆ ಎಂಬುದು ಶಾನಭಾಗರ ತಲೆಯಲ್ಲಿ ಇರುತ್ತಿತ್ತು. 2021ರಲ್ಲಿ ಅವರು ತೀರಿಕೊಂಡಾಗ ಹೆಸರಾಂತ ಬರಹಗಾರರು ಅವರ ಬಗ್ಗೆ ಬರೆದರು. ಪುಸ್ತಕ ಮಾರುತ್ತಿದ್ದ ಒಬ್ಬರಿಗಾಗಿ ಒಂದು ಊರು ಅಷ್ಟು ನೊಂದುಕೊಂಡಿತು ಎಂದರೆ, ಅವರು ಕೊಟ್ಟದ್ದು ಪುಸ್ತಕ ಮತ್ತು ಬಿಲ್ಲು ಮಾತ್ರ ಅಲ್ಲ.

ನಮ್ಮ ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ತುಂಬಾ ಇದೆ. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಬಂತು. ಕನ್ನಡದಿಂದ ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡದ ಕೃತಿಗೆ ಈ ಪ್ರಶಸ್ತಿ ಇದೇ ಮೊದಲು, ಕಥಾಸಂಕಲನವೊಂದಕ್ಕೂ ಇದೇ ಮೊದಲು. ಬ್ರಿಟನ್ನಿನಲ್ಲಿ ಅದನ್ನು ಪ್ರಕಟಿಸಿದ್ದು ದೊಡ್ಡ ಕಂಪನಿಯಲ್ಲ, ಶೆಫೀಲ್ಡ್ ನಗರದ ಆಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಸ್ವತಂತ್ರ ಪ್ರಕಾಶನ. ಇಂಥ ಪ್ರಕಾಶಕರ ಪುಸ್ತಕಗಳನ್ನು ಮುಂದಿನ ಮೇಜಿನ ಮೇಲೆ ಇಡುವ ಧೈರ್ಯ ಹೆಚ್ಚಾಗಿ ಸಣ್ಣ ಅಂಗಡಿಗಳಿಗೇ ಇರುತ್ತದೆ. ಪ್ರಶಸ್ತಿ ಬಂದ ಮೇಲೆ ಎಲ್ಲರೂ ಇಡುತ್ತಾರೆ, ಬರುವ ಮೊದಲು ಇಡುವವರು ಬೇಕು.

ಧಾರವಾಡದ ಮನೋಹರ ಗ್ರಂಥಮಾಲೆಯನ್ನೂ ನೋಡಿ. ಜಿ. ಬಿ. ಜೋಶಿಯವರು 1933ರಲ್ಲಿ ಅದನ್ನು ಶುರುಮಾಡಿದಾಗ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು. ಓದುಗರು ಮುಂಗಡ ಕೊಟ್ಟಿದ್ದರಿಂದ ಹೊಸಬರ ಪುಸ್ತಕ ಅಚ್ಚು ಹಾಕುವ ಧೈರ್ಯ ಬಂತು. ಗಿರೀಶ್ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಹೊರಬಂತು. ಆಗ ಕಾರ್ನಾಡರು ಯಾರಿಗೂ ಗೊತ್ತಿಲ್ಲದ ಹುಡುಗ. ಸುಭಾಸ ರಸ್ತೆಯಲ್ಲಿದ್ದ ಗ್ರಂಥಮಾಲೆಯ ಕಚೇರಿಯನ್ನು ಜನ 'ಅಟ್ಟ' ಎಂದೇ ಕರೆಯುತ್ತಿದ್ದರು, ಬರಹಗಾರರು ಸೇರಿ ಹರಟೆ ಹೊಡೆಯುವ ಜಾಗ ಅದು.

ಧಾರವಾಡದ ಚಂದಾದಾರರೂ ಮೆನ್ಲೋ ಪಾರ್ಕಿನ ನೆರೆಹೊರೆಯವರೂ ಮಾಡಿದ್ದು ಒಂದೇ ಕೆಲಸ. "ಅಗ್ಗವಾಗಿ ಎಲ್ಲಿ ಸಿಗುತ್ತದೆ?" ಎಂದು ಕೇಳುವ ಮೊದಲು "ಇದು ಉಳಿಯಬೇಕೇ?" ಎಂದು ಕೇಳಿಕೊಂಡರು. ನಮ್ಮ ಕನ್ನಡ ಶಾಲೆಯೂ ಹಾಗೆಯೇ ಅಲ್ಲವೇ? ಕನ್ನಡ ಕಲಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಆದರೂ ಭಾನುವಾರದ ನಿದ್ದೆ ಬಿಟ್ಟು ನಾವು ಇಲ್ಲಿಗೆ ಬರುತ್ತೇವೆ, ಏಕೆಂದರೆ ಇಲ್ಲಿ ಜನರಿದ್ದಾರೆ.

ನಾವು ಮಾಡಬಹುದಾದದ್ದು

ಎಲ್ಲ ಪುಸ್ತಕವನ್ನೂ ಪೂರ್ತಿ ಬೆಲೆಗೆ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಇಲ್ಲಿನ ಮನೆ ಬಾಡಿಗೆ ಎಷ್ಟೆಂದು ಎಲ್ಲರಿಗೂ ಗೊತ್ತು. ಲೈಬ್ರರಿ ಇದೆ, ಅದನ್ನು ಚೆನ್ನಾಗಿ ಬಳಸೋಣ. ಜೊತೆಗೆ ಇಷ್ಟು ಮಾಡಬಹುದು:

ಒಂದು, ಹುಟ್ಟುಹಬ್ಬದ ಉಡುಗೊರೆಯ ಪುಸ್ತಕವನ್ನಾದರೂ ಊರಿನ ಅಂಗಡಿಯಲ್ಲಿ ಕೊಳ್ಳೋಣ. ಮಕ್ಕಳೇ, ನೀವೇ ಒಳಗೆ ಹೋಗಿ, ಕೌಂಟರಿನಲ್ಲಿ ಇರುವವರನ್ನು "ನನಗೆ ಯಾವುದು ಚೆನ್ನಾಗಿರುತ್ತದೆ?" ಎಂದು ಕೇಳಿ.

ಎರಡು, ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡಿ, ಅಲ್ಲೇ ನಿಂತು ಫೋನಿನಲ್ಲಿ ಬೇರೆ ಕಡೆ ಆರ್ಡರ್ ಮಾಡುವುದು ಬೇಡ. ಆನ್‌ಲೈನೇ ಬೇಕೆಂದರೆ 2020ರಲ್ಲಿ ಶುರುವಾದ ಬುಕ್‌ಶಾಪ್ ಡಾಟ್ ಆರ್ಗ್ ಇದೆ. ಅಲ್ಲಿ ನಿಮ್ಮ ಊರಿನ ಅಂಗಡಿಯನ್ನು ಆರಿಸಿಕೊಂಡು ಕೊಂಡರೆ ಮುದ್ರಿತ ಬೆಲೆಯ ಶೇಕಡಾ 30 ಆ ಅಂಗಡಿಗೆ ಹೋಗುತ್ತದೆ.

ಮೂರು, ಕನ್ನಡದಿಂದ ಅನುವಾದವಾದ ಪುಸ್ತಕಗಳನ್ನು ಕೇಳಿ ತರಿಸೋಣ. 'ಹಾರ್ಟ್ ಲ್ಯಾಂಪ್' ಇದೆ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೆ. ಒಬ್ಬರು ಕೇಳಿದರೆ ಒಂದು ಪ್ರತಿ ಬರುತ್ತದೆ. ಹತ್ತು ಜನ ಕೇಳಿದರೆ ಕಪಾಟಿನಲ್ಲಿ ಜಾಗ ಸಿಗುತ್ತದೆ. ಕನ್ನಡ ಬಾರದ ನಮ್ಮ ಗೆಳೆಯರ ಕಣ್ಣಿಗೂ ಅದು ಬೀಳುತ್ತದೆ.

ನಾಲ್ಕು, ಪ್ರತಿ ವರ್ಷ ಏಪ್ರಿಲ್ ತಿಂಗಳ ಕೊನೆಯ ಶನಿವಾರ ಅಮೆರಿಕದಲ್ಲಿ ಸ್ವತಂತ್ರ ಪುಸ್ತಕದಂಗಡಿಗಳ ದಿನ. ನಮ್ಮ ಶಾಲೆಯ ನಾಲ್ಕೈದು ಮನೆಯವರು ಸೇರಿ ಹೋದರೂ ಚೆಂದ.

ಊರಿಗೆ ಹೋದಾಗಲೂ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯ ಪಕ್ಕ ನಾಲ್ಕು ಪುಸ್ತಕಕ್ಕೆ ಜಾಗ ಇಟ್ಟುಕೊಳ್ಳಿ. ಅವನ್ನು ಅಲ್ಲಿನ ಒಂದು ಸಣ್ಣ ಅಂಗಡಿಯಲ್ಲೇ ಕೊಳ್ಳಿ. ಅಜ್ಜ-ಅಜ್ಜಿಯರ ಜೊತೆ ಹೋದರೆ ಇನ್ನೂ ಒಳ್ಳೆಯದು. ಯಾವ ಪುಸ್ತಕ ಕೊಳ್ಳಬೇಕು ಎಂದು ಹೇಳಲು ಅವರಿಗಿಂತ ಒಳ್ಳೆಯವರು ಯಾರಿದ್ದಾರೆ?