ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳಲ್ಲಿ ಚದುರಂಗ

ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳಲ್ಲಿ ಚದುರಂಗ ಎಂದರೆ ಕೈಯಲ್ಲಿ ಹಿಡಿದು ಆಡುವ, ಬ್ಯಾಟರಿಯಿಂದ ನಡೆಯುವ ವಿಡಿಯೊ ಗೇಮ್ ಉಪಕರಣಗಳಲ್ಲಿ ಚದುರಂಗವನ್ನು ಆಡುವುದು ಹಾಗೂ ಕಲಿಯುವುದು. ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ (1989) ಮತ್ತು ನಿಂಟೆಂಡೊ ಡಿಎಸ್ (2004), ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಪೋರ್ಟಬಲ್ (2004) ಮುಂತಾದ ಉಪಕರಣಗಳಿಗೆ ಚದುರಂಗದ ಆಟಗಳು ಪ್ರಕಟವಾಗಿವೆ. ಎದುರಾಳಿಯಾಗಿ ಇನ್ನೊಬ್ಬ ಮನುಷ್ಯನಿಲ್ಲದ ಕಲಿಕೆಯ ಆಟಗಾರನಿಗೆ ಇವು ಎದುರಾಳಿಯೂ ಹೌದು, ತಕ್ಕಮಟ್ಟಿಗೆ ಶಿಕ್ಷಕನೂ ಹೌದು. ಈ ಎರಡು ಪಾತ್ರಗಳು ಎಲ್ಲ ಸಂದರ್ಭಗಳಲ್ಲೂ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ.

ಯಂತ್ರಾಂಶದ ಮಿತಿಗಳು

ಗೇಮ್ ಬಾಯ್‌ನ ಪರದೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ 144 ಬಿಂದುಗಳಿದ್ದವು. ಬಣ್ಣಗಳ ಬದಲಿಗೆ ನಾಲ್ಕು ಛಾಯೆಗಳಷ್ಟೇ ಇದ್ದವು. ಒಂದು ಮನೆಗೆ 16 ಬಿಂದುಗಳ ಅಗಲವನ್ನು ಕೊಟ್ಟರೆ ಇಡೀ ಹಾಸು 128 ಬಿಂದುಗಳನ್ನು ಆಕ್ರಮಿಸುತ್ತದೆ. ನಡೆಗಳ ಪಟ್ಟಿ, ಗಡಿಯಾರ ಮೊದಲಾದವುಗಳಿಗೆ ಉಳಿಯುವುದು ಬದಿಯ ಕಿರಿದಾದ ಪಟ್ಟಿ ಮಾತ್ರ. ಅಷ್ಟು ಚಿಕ್ಕ ಚೌಕದಲ್ಲಿ ಕಪ್ಪು ಮನೆಯ ಮೇಲೆ ನಿಂತ ಕಪ್ಪು ಕಾಯಿಯನ್ನು ಗುರುತಿಸುವುದೇ ಒಂದು ಕೆಲಸವಾಗಿತ್ತು. ಸಂಸ್ಕಾರಕದ ವೇಗ ಸುಮಾರು 4.19 ಮೆಗಾಹರ್ಟ್ಸ್, ಕೆಲಸದ ಸ್ಮೃತಿ 8 ಕಿಲೊಬೈಟ್.

ಈ ಮಿತಿಯ ಅರ್ಥವನ್ನು ತಿಳಿಯಲು ಚದುರಂಗದ ಲೆಕ್ಕವನ್ನು ನೋಡಬೇಕು. ಆಟದ ಆರಂಭದಲ್ಲಿ ಬಿಳಿಯ ಆಟಗಾರನಿಗೆ 20 ನಡೆಗಳಿವೆ: ಕಾಲಾಳುಗಳಿಂದ 16, ಕುದುರೆಗಳಿಂದ 4. ಇಬ್ಬರೂ ಒಂದೊಂದು ನಡೆಯನ್ನು ಮುಗಿಸುವ ಹೊತ್ತಿಗೆ 400 ಸಾಧ್ಯತೆಗಳಿರುತ್ತವೆ. ಮೂರನೆಯ ನಡೆಗೆ 8,902, ನಾಲ್ಕನೆಯದಕ್ಕೆ 1,97,281. ಆಟದ ಮಧ್ಯಭಾಗದ ಸ್ಥಿತಿಯೊಂದರಲ್ಲಿ ಸರಾಸರಿ 35ರಷ್ಟು ನಡೆಗಳಿರುತ್ತವೆ ಎಂಬುದು ರೂಢಿಯ ಅಂದಾಜು. ಹಾಗಿದ್ದಲ್ಲಿ ನಾಲ್ಕು ನಡೆಗಳ ಆಳಕ್ಕೆ ಸುಮಾರು 15 ಲಕ್ಷ ಸ್ಥಿತಿಗಳನ್ನು ಪರಿಶೀಲಿಸಬೇಕಾಗುತ್ತದೆ. ಆಲ್ಫಾ-ಬೀಟಾ ಎಂಬ ಕತ್ತರಿಸುವ ವಿಧಾನವು ಪ್ರಯೋಜನವಿಲ್ಲದ ಕವಲುಗಳನ್ನು ಕೈಬಿಡುತ್ತದೆ. ಪ್ರತಿ ಹಂತದಲ್ಲೂ ಒಳ್ಳೆಯ ನಡೆಯನ್ನೇ ಮೊದಲು ಪರೀಕ್ಷಿಸಿದ ಆದರ್ಶ ಸಂದರ್ಭದಲ್ಲಿ ಇದೇ ಕೆಲಸ 2,449 ಸ್ಥಿತಿಗಳಲ್ಲಿ ಮುಗಿಯುತ್ತದೆ. ಚಿಕ್ಕ ಉಪಕರಣಗಳಲ್ಲಿ ಚದುರಂಗವು ಸಾಧ್ಯವಾದುದಕ್ಕೆ ಈ ವಿಧಾನವು ಮುಖ್ಯ ಕಾರಣ. ಆದರೂ ಕಠಿಣ ಹಂತವನ್ನು ಆರಿಸಿಕೊಂಡವರು ಉಪಕರಣದ ಉತ್ತರಕ್ಕಾಗಿ ದೀರ್ಘಕಾಲ ಕಾಯಬೇಕಾಗುತ್ತಿತ್ತು.

ಚೆಸ್‌ಮಾಸ್ಟರ್ ಸರಣಿ

ಚೆಸ್‌ಮಾಸ್ಟರ್ 1986ರಲ್ಲಿ ಸಾಫ್ಟ್‌ವೇರ್ ಟೂಲ್‌ವರ್ಕ್ಸ್ ಸಂಸ್ಥೆಯಿಂದ ಗೃಹ ಕಂಪ್ಯೂಟರುಗಳಿಗಾಗಿ ಆರಂಭವಾದ ಸರಣಿ. 1990ರ ದಶಕದ ಆರಂಭದಲ್ಲಿ ಇದರ ಒಂದು ಆವೃತ್ತಿ ಗೇಮ್ ಬಾಯ್‌ಗೆ ಬಂದಿತು. ಮುಂದೆ ಸರಣಿಯು ಯೂಬಿಸಾಫ್ಟ್ ಸಂಸ್ಥೆಯ ಕೈಸೇರಿತು. 2007ರಲ್ಲಿ ನಿಂಟೆಂಡೊ ಡಿಎಸ್‌ಗೆ, 2008ರಲ್ಲಿ ಪ್ಲೇಸ್ಟೇಷನ್ ಪೋರ್ಟಬಲ್‌ಗೆ 'ಚೆಸ್‌ಮಾಸ್ಟರ್: ದಿ ಆರ್ಟ್ ಆಫ್ ಲರ್ನಿಂಗ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಈ ಹೆಸರು ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್ ಜೋಶ್ ವೇಟ್ಸ್‌ಕಿನ್ ಅವರು 2007ರಲ್ಲಿ ಪ್ರಕಟಿಸಿದ ಪುಸ್ತಕದ್ದು. ಬಾಲ್ಯದ ಆಟದಿಂದ ಪ್ರಸಿದ್ಧರಾದ ಅವರ ಕಥೆಯನ್ನು ತಂದೆ ಫ್ರೆಡ್ ವೇಟ್ಸ್‌ಕಿನ್ ಪುಸ್ತಕವಾಗಿ ಬರೆದರು; ಅದು 1993ರಲ್ಲಿ ಚಲನಚಿತ್ರವಾಯಿತು. ಸರಣಿಯ ಕಂಪ್ಯೂಟರ್ ಆವೃತ್ತಿಗಳಲ್ಲಿ ವೇಟ್ಸ್‌ಕಿನ್ ಅವರದೇ ಧ್ವನಿಯ ಪಾಠಗಳಿವೆ.

ಡಿಎಸ್ ಉಪಕರಣದ ಎರಡು ಪರದೆಗಳು, ಅದರಲ್ಲೂ ಮುಟ್ಟಿದರೆ ಸ್ಪಂದಿಸುವ ಕೆಳಪರದೆ, ಚದುರಂಗಕ್ಕೆ ಹೇಳಿ ಮಾಡಿಸಿದಂತಿದ್ದವು. ಗುಂಡಿಗಳನ್ನು ಒತ್ತಿ ಸೂಚಕವನ್ನು ಮನೆಯಿಂದ ಮನೆಗೆ ಸರಿಸುವ ಹಳೆಯ ಕಷ್ಟವು ಇಂತಹ ಪರದೆಯಲ್ಲಿ ಇರಬೇಕಾಗಿಲ್ಲ. ಕಲಿಕೆಗಾಗಿ ಈ ಆವೃತ್ತಿಯಲ್ಲಿ ಕಿರು ಆಟಗಳನ್ನೂ ಸೇರಿಸಲಾಗಿತ್ತು.

ಕಲಿಕೆಯ ಸಾಧನವಾಗಿ

ಉಪಕರಣವು ಕಲಿಸುವ ಮೊದಲ ಪಾಠ ನಿಯಮಗಳದ್ದು, ಏಕೆಂದರೆ ತಪ್ಪು ನಡೆಯನ್ನು ಅದು ಒಪ್ಪುವುದಿಲ್ಲ. ಭಾರತದ ಮನೆಗಳಲ್ಲಿ ರೂಢಿಯಲ್ಲಿದ್ದ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಸಾಗುತ್ತದೆ. ಕ್ಯಾಸಲಿಂಗ್ ಇಲ್ಲ, ಬದಲಿಗೆ ರಾಜನು ಒಮ್ಮೆ ಕುದುರೆಯಂತೆ ಜಿಗಿಯಬಹುದು. ಹಿರಿಯರಿಂದ ಹೀಗೆ ಕಲಿತವರಿಗೆ ಅಂತರರಾಷ್ಟ್ರೀಯ ನಿಯಮಗಳು, ವಿಶೇಷವಾಗಿ ಆನ್ ಪಾಸಾನ್ ಎಂಬ ಕಾಲಾಳಿನ ಹೊಡೆತ, ಮೊದಮೊದಲು ಯಂತ್ರದ ಮೋಸದಂತೆ ತೋರಿದರೆ ಆಶ್ಚರ್ಯವಿಲ್ಲ. ಕಾಯಿಗಳ ಹೆಸರೂ ಗೊಂದಲಕ್ಕೆ ಎಡೆಮಾಡುತ್ತದೆ: ಕನ್ನಡದಲ್ಲಿ ಆನೆ ಎನ್ನುವುದು ಪರದೆಯಲ್ಲಿ ಗೋಪುರದ ಚಿತ್ರವಾಗಿಯೂ, ಒಂಟೆ ಎನ್ನುವುದು ಪಾದ್ರಿಯ ಟೋಪಿಯಾಗಿಯೂ ಕಾಣುತ್ತದೆ.

ಎರಡನೆಯದು ಎದುರಾಳಿಯ ಬಲವನ್ನು ಆರಿಸಿಕೊಳ್ಳುವ ಅವಕಾಶ. ಇಲ್ಲಿಯೇ ಮುಖ್ಯವಾದ ಕೊರತೆಯೂ ಇದೆ. ಎಂಜಿನ್‌ನ ಬಲವನ್ನು ತಗ್ಗಿಸಲು ಸಾಮಾನ್ಯವಾಗಿ ಅದರ ಯೋಚನೆಯ ಆಳವನ್ನು ಅಥವಾ ಸಮಯವನ್ನು ಕಡಿಮೆ ಮಾಡಲಾಗುತ್ತದೆ, ಇಲ್ಲವೇ ನಡುನಡುವೆ ಬೇಕೆಂದೇ ಕೆಟ್ಟ ನಡೆಯನ್ನು ಆಡಿಸಲಾಗುತ್ತದೆ. ಎರಡನೆಯ ವಿಧಾನದ ಎಂಜಿನ್ ಹತ್ತು ನಡೆಗಳನ್ನು ಪರಿಣತನಂತೆ ಆಡಿ, ಹನ್ನೊಂದನೆಯದರಲ್ಲಿ ರಾಣಿಯನ್ನು ಕಾರಣವಿಲ್ಲದೆ ಒಪ್ಪಿಸಬಹುದು. ಮನುಷ್ಯನು ಮಾಡುವ ತಪ್ಪು ಹೀಗಿರುವುದಿಲ್ಲ. ಅವನು ಒಂದು ಬೆದರಿಕೆಯನ್ನು ನೋಡುತ್ತ ಇನ್ನೊಂದನ್ನು ಮರೆಯುತ್ತಾನೆ. ಅಂತಹ ಯಂತ್ರವನ್ನು ಗೆಲ್ಲುವ ಅಭ್ಯಾಸವುಳ್ಳವರು ಎದುರಾಳಿಯ ತಪ್ಪನ್ನು ಕಾಯುವುದನ್ನು ಕಲಿಯುತ್ತಾರೆಯೇ ಹೊರತು ಅದನ್ನು ಉಂಟುಮಾಡುವುದನ್ನಲ್ಲ. ಆಳವನ್ನು ತಗ್ಗಿಸಿದ ಎಂಜಿನ್ ಈ ದೃಷ್ಟಿಯಿಂದ ಉತ್ತಮ, ಏಕೆಂದರೆ ಅದರ ದೌರ್ಬಲ್ಯಕ್ಕೆ ಒಂದು ಕ್ರಮವಿದೆ: ತನ್ನ ದೃಷ್ಟಿಯ ಮಿತಿಯಾಚೆಗಿನ ಅಪಾಯ ಅದಕ್ಕೆ ಕಾಣುವುದಿಲ್ಲ. ಇದನ್ನು ದಿಗಂತ ಪರಿಣಾಮ ಎನ್ನುತ್ತಾರೆ. ಮೂರು ನಡೆಗಳಷ್ಟೇ ನೋಡುವ ಯಂತ್ರವನ್ನು ಐದು ನಡೆಗಳ ಉಪಾಯದಿಂದ ಸೋಲಿಸಿದ ಬಾಲಕನು ನಿಜವಾಗಿಯೂ ಏನನ್ನೋ ಕಲಿತಿರುತ್ತಾನೆ.

ನಡೆಯನ್ನು ಹಿಂದಕ್ಕೆ ಪಡೆಯುವ ಸೌಲಭ್ಯವನ್ನು ಕುರಿತೂ ಇದೇ ಮಾತು. ಸೋತ ನಂತರ ಹಿಂದೆ ಸರಿದು, ತಪ್ಪಿದ ಜಾಗವನ್ನು ಹುಡುಕಿ, ಬೇರೆ ದಾರಿಯನ್ನು ಪರೀಕ್ಷಿಸುವವನಿಗೆ ಅದು ಅಮೂಲ್ಯ. ಆದರೆ ಸ್ಪರ್ಧೆಯ ಹಾಸಿನ ಮೇಲೆ, ಆಡುವ ಉದ್ದೇಶದಿಂದ ಮುಟ್ಟಿದ ಕಾಯಿಯನ್ನು ನಡೆಸಲು ನಿಯಮಬದ್ಧವಾದ ನಡೆಯಿದ್ದರೆ ಅದನ್ನೇ ನಡೆಸಬೇಕೆಂಬ ನಿಯಮವಿದೆ. ಕನ್ಸೋಲಿನಲ್ಲಿ ಮಾತ್ರ ಆಡಿ ಬಂದವರ ಕೈ ಅಲ್ಲಿ ಅವಸರಪಡುವ ಸಂಭವವಿದೆ. ಚಪ್ಪಟೆಯಾದ ಚಿತ್ರದಲ್ಲಿ ಥಟ್ಟನೆ ಕಾಣುವ ದಾಳಿಯು ಮರದ ಕಾಯಿಗಳ ನಡುವೆ ಮರೆಯಾಗುವುದೂ ಉಂಟು. ಆದುದರಿಂದ ಉಪಕರಣದಲ್ಲಿ ಆಡಿದ ಆಟವನ್ನು ಕಾಗದದಲ್ಲಿ ಬರೆದುಕೊಂಡು ನಿಜವಾದ ಹಾಸಿನ ಮೇಲೆ ಮತ್ತೊಮ್ಮೆ ಆಡಿನೋಡುವುದು ಪ್ರಯೋಜನಕರ.

ನಂತರದ ಬೆಳವಣಿಗೆ

2009ರಲ್ಲಿ ಬ್ಯೂನಸ್ ಐರಿಸ್‌ನ ಕೋಪಾ ಮೆರ್ಕೊಸುರ್ ಪಂದ್ಯಾವಳಿಯಲ್ಲಿ ಮೊಬೈಲ್ ಫೋನೊಂದರ ಮೇಲೆ ನಡೆಯುವ ಪಾಕೆಟ್ ಫ್ರಿಟ್ಸ್ 4 ಎಂಬ ತಂತ್ರಾಂಶವು ಹತ್ತು ಆಟಗಳಲ್ಲಿ 9.5 ಅಂಕಗಳನ್ನು ಗಳಿಸಿ ಗೆದ್ದಿತು. ಅಂಗೈಯಲ್ಲಿ ಹಿಡಿಯುವ ಯಂತ್ರದ ಬಲವು ಅಲ್ಲಿಗೆ ಪ್ರಶ್ನೆಯಾಗಿ ಉಳಿಯಲಿಲ್ಲ. ಅದನ್ನು ಕಲಿಯುವವನಿಗೆ ತಕ್ಕಂತೆ ತಗ್ಗಿಸುವ ಪ್ರಶ್ನೆ ಉಳಿಯಿತು. ಕಾಲಕ್ರಮದಲ್ಲಿ ಚದುರಂಗವು ಕನ್ಸೋಲ್‌ಗಳಲ್ಲಿ ಇತರ ಹಲಗೆಯಾಟಗಳ ಜೊತೆಗೂ ಕಾಣಿಸಿಕೊಂಡಿದೆ: ನಿಂಟೆಂಡೊ ಸ್ವಿಚ್‌ಗಾಗಿ 2020ರಲ್ಲಿ ಬಂದ '51 ವರ್ಲ್ಡ್‌ವೈಡ್ ಗೇಮ್ಸ್' ಸಂಕಲನದಲ್ಲಿ ಅದು ಇತರ ಆಟಗಳ ನಡುವಿನ ಒಂದು ಆಟ.