ಕೈಗೆ ಕೆಲಸವನ್ನು ಮರಳಿ ಕಲಿಸುವ ವಿದ್ಯೆ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲೆ ಭೋಸರಿ ಎಂಬ ಊರಿದೆ. ಒಂದು ಕಾಲಕ್ಕೆ ಅದು ಬೇಸಾಯಗಾರರ ಗ್ರಾಮವಾಗಿತ್ತು. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು ಸ್ಥಾಪಿತವಾದ ತರುವಾಯ ಪಿಂಪರಿ, ಚಿಂಚವಡ, ಭೋಸರಿಗಳ ಮುಖವೇ ಬದಲಾಯಿತು. ಇಂದು ಬೆಳಗಿನ ಪಾಳಿಯ ಹೊತ್ತಿಗೆ ಅಲ್ಲಿ ನಿಂತರೆ, ಊಟದ ಡಬ್ಬಿ ಹಿಡಿದು ಕಾರ್ಖಾನೆಗಳತ್ತ ನಡೆಯುವ ಜನಪ್ರವಾಹವೇ ಕಾಣುವುದು. ಆ ಪ್ರವಾಹದಲ್ಲಿ ಕಲಬುರಗಿ, ಬೀದರ, ವಿಜಯಪುರಗಳ ಕಡೆಯಿಂದ ಬಂದವರ ಕನ್ನಡವೂ ಕಿವಿಗೆ ಬೀಳುವುದು. ನಮ್ಮಲ್ಲಿ ಕೆಲವರ ತಂದೆಯರೂ ಅಣ್ಣಂದಿರೂ ಅವರ ಜೊತೆಗೆ ನಡೆಯುವವರೇ.

ಮೋಟಾರುಗಳ ಬಿಡಿಭಾಗಗಳನ್ನು ತಯಾರಿಸುವ ಅಲ್ಲಿಯ ಎಷ್ಟೋ ಶೆಡ್ಡುಗಳಲ್ಲಿ ಪವರ್ ಪ್ರೆಸ್ ಎಂಬ ಯಂತ್ರವುಂಟು. ಉಕ್ಕಿನ ತಗಡನ್ನು ಅಚ್ಚಿನ ಮೇಲಿಟ್ಟರೆ ಯಂತ್ರವು ಒಂದೇ ಪೆಟ್ಟಿಗೆ ಅದಕ್ಕೆ ಆಕಾರವನ್ನು ಕೊಡುತ್ತದೆ. ತಗಡಿಗೂ ಬೆರಳಿಗೂ ಇರುವ ಭೇದವನ್ನು ಅದು ಅರಿಯದು. ಕಾವಲುಪಟ್ಟಿ ಇಲ್ಲದ ಯಂತ್ರದಲ್ಲಿ, ನಿದ್ರೆಗೆಟ್ಟ ಕೈ ಅರೆಕ್ಷಣ ತಡವಾಗಿ ಹಿಂದೆ ಸರಿದರೆ, ಆಗಬಾರದ್ದು ಆಗಿಬಿಡುವುದು.

ಇಂಥ ಅಪಘಾತಕ್ಕೆ ಸಿಕ್ಕಿದ ಇಪ್ಪತ್ತನಾಲ್ಕು ವರ್ಷದ ಒಬ್ಬ ತರುಣನನ್ನು ಊಹಿಸಿಕೊಳ್ಳಿರಿ. ಬಲಗೈಯ ಎರಡು ಬೆರಳುಗಳು ಹೋಗಿವೆ. ಮೂರನೆಯದರ ಸ್ನಾಯುರಜ್ಜು ತುಂಡಾಗಿದೆ. ಶಸ್ತ್ರವೈದ್ಯರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ. ಗಾಯ ಮಾಗಿತು, ಹೊಲಿಗೆ ಬಿಚ್ಚಿತು, ಆಸ್ಪತ್ರೆಯಿಂದ ಮನೆಗೆ ಕಳುಹಿದರು. ಆದರೆ ಮನೆಗೆ ಬಂದ ಆತನು ಅಂಗಿಯ ಗುಂಡಿಯನ್ನು ಹಾಕಿಕೊಳ್ಳಲಾರ, ರೊಟ್ಟಿ ಮುರಿಯಲಾರ, ಸಹಿ ಮಾಡಲಾರ, ಮಗುವನ್ನು ಎತ್ತಲು ಹೆದರುತ್ತಾನೆ. ಜನರ ಎದುರಿಗೆ ಕೈಯನ್ನು ಜೇಬಿನೊಳಗೆ ಅಡಗಿಸಿಕೊಳ್ಳುತ್ತಾನೆ. ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಆತನು ಗುಣಹೊಂದಿದವನು. ಜೀವನದ ದೃಷ್ಟಿಯಲ್ಲಿ? ಈ ಪ್ರಶ್ನೆ ಏಳುವ ಸ್ಥಳದಲ್ಲಿಯೇ ಆಕ್ಯುಪೇಶನಲ್ ಥೆರಪಿ ಎಂಬ ಶಾಸ್ತ್ರದ ಕೆಲಸ ಮೊದಲಾಗುತ್ತದೆ.

ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆ ಎಂದೂ ವೃತ್ತಿ ಚಿಕಿತ್ಸೆ ಎಂದೂ ಕರೆಯುವುದುಂಟು. ಈ ಹೆಸರುಗಳು ಸ್ವಲ್ಪ ಭ್ರಮೆಯನ್ನು ಹುಟ್ಟಿಸುತ್ತವೆ. ನೌಕರಿ ಕೊಡಿಸುವ ಯಾವುದೋ ವ್ಯವಸ್ಥೆಯಿದೆಂದು ಕೆಲವರು ತಿಳಿಯುತ್ತಾರೆ. ಈ ಶಾಸ್ತ್ರದಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸ ಮಾತ್ರವಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮನುಷ್ಯನ ಹೊತ್ತನ್ನು ತುಂಬುವ, ಆತನಿಗೆ ಅರ್ಥವುಳ್ಳ ಸಮಸ್ತ ಕ್ರಿಯೆಗಳೂ ಅದರಲ್ಲಿ ಸೇರುತ್ತವೆ. ಕೂಸಿಗೆ ಆಟವೇ ಉದ್ಯೋಗ, ವಿದ್ಯಾರ್ಥಿಗೆ ಬರವಣಿಗೆ, ಅಜ್ಜಿಗೆ ಬತ್ತಿ ಹೊಸೆಯುವುದು, ತಾನೇ ತಲೆ ಬಾಚಿಕೊಳ್ಳುವುದು. ನಮ್ಮ ಶರಣರಿಗೆ ಪ್ರಿಯವಾಗಿದ್ದ ‘ಕಾಯಕ’ ಎಂಬ ಮಾತು ಇದರ ತಿರುಳಿಗೆ ಹೆಚ್ಚು ಸಮೀಪವೆಂದು ನನಗೆ ತೋರುತ್ತದೆ.

ಫಿಜಿಯೋಥೆರಪಿಯೂ ಇದೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಇವೆರಡೂ ಅಕ್ಕತಂಗಿಯರಂತೆ ಜೊತೆಯಾಗಿ ಕೆಲಸ ಮಾಡುವ ಶಾಸ್ತ್ರಗಳೆಂಬುದು ನಿಜ. ಆದರೆ ಮೊದಲನೆಯದು ಮುಖ್ಯವಾಗಿ ಚಲನೆಯನ್ನೂ ಬಲವನ್ನೂ ನೋವಿನ ಶಮನವನ್ನೂ ಗಮನಿಸುತ್ತದೆ. ಎರಡನೆಯದು ಆ ಚಲನೆಯಿಂದ ಮಾಡಬೇಕಾದ ಕೆಲಸವನ್ನು ಗಮನಿಸುತ್ತದೆ. ಮಣಿಕಟ್ಟು ಎಷ್ಟು ಅಂಶ ಬಾಗಿತು ಎಂದು ಅಳೆದಷ್ಟಕ್ಕೆ ಇದರ ಕೆಲಸ ಮುಗಿಯದು. ಬಾಗಿದ ಆ ಮಣಿಕಟ್ಟು ತಂಬಿಗೆಯನ್ನು ಎತ್ತಿತೇ ಎಂದು ನೋಡಬೇಕು. ಎತ್ತಲಾರದಿದ್ದರೆ ತಂಬಿಗೆಯ ಹಿಡಿಯನ್ನೇ ಬದಲಿಸಬೇಕು.

ಈಗ ಆ ತರುಣನ ಬಳಿಗೆ ಮರಳೋಣ. ಚಿಕಿತ್ಸಕರು ಆತನನ್ನು ಮೊದಲು ಕೇಳುವುದು, ನೀನು ದಿನವೆಲ್ಲ ಏನೇನು ಮಾಡುತ್ತಿದ್ದೆ, ಈಗ ಮೊದಲು ಏನನ್ನು ಮಾಡಬೇಕೆಂಬ ಆಸೆ ನಿನಗಿದೆ ಎಂದು. ತರುವಾಯ ಕೀಲುಗಳ ಕೋನವನ್ನೂ ಹಿಡಿತದ ಬಲವನ್ನೂ ಉಪಕರಣಗಳಿಂದ ಅಳೆಯುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಒಂದು ಬಗೆಯ ಪ್ಲಾಸ್ಟಿಕ್ ಹಲಗೆಯನ್ನು ಕತ್ತರಿಸಿ, ಆತನ ಕೈಯ ಮೇಲೆಯೇ ಅಚ್ಚೊತ್ತಿ, ಸ್ಪ್ಲಿಂಟ್ ಎಂಬ ಆಸರೆಯನ್ನು ತಯಾರಿಸುತ್ತಾರೆ. ಹೊಲಿದ ಸ್ನಾಯುರಜ್ಜು ಪೂರ್ಣಬಲವನ್ನು ಪಡೆಯಲು ಸುಮಾರು ಹನ್ನೆರಡು ವಾರ ಬೇಕು. ಅಷ್ಟು ದಿನವೂ ಅಲುಗಾಡಿಸದಿದ್ದರೆ ಅದು ಸುತ್ತಲಿನ ಮಾಂಸಕ್ಕೆ ಅಂಟಿ ಬೆರಳು ಮರಗಟ್ಟುವುದು. ಅವಸರಪಟ್ಟು ಬಲವಾಗಿ ಎಳೆದರೆ ಹೊಲಿಗೆ ಹರಿಯುವುದು. ಈ ಎರಡು ಅಪಾಯಗಳ ನಡುವಿನ ಕಿರುದಾರಿಯಲ್ಲಿ ರೋಗಿಯನ್ನು ದಿನದಿನವೂ ನಡೆಸುವುದೇ ಶಾಸ್ತ್ರಜ್ಞಾನ.

ಬೆರಳು ಹೋದ ಜಾಗದ ಚರ್ಮವು ಗಾಳಿ ಸೋಕಿದರೂ ಉರಿಯುವುದುಂಟು. ಅದನ್ನು ಮೊದಲು ಹತ್ತಿಯಿಂದ, ಆಮೇಲೆ ಒರಟು ಬಟ್ಟೆಯಿಂದ ಸವರಿ, ಕೊನೆಗೆ ಅಕ್ಕಿಯಲ್ಲಿಯೋ ಬೇಳೆಯಲ್ಲಿಯೋ ಕೈಯಾಡಿಸಿ, ಸ್ಪರ್ಶಕ್ಕೆ ಪಳಗಿಸುತ್ತಾರೆ. ಇಲ್ಲದ ಬೆರಳು ಇನ್ನೂ ಇದೆಯೆಂದೂ ನೋಯುತ್ತಿದೆಯೆಂದೂ ಆತನು ಹೇಳಿದರೆ ಯಾರೂ ನಗಬಾರದು. ಮೆದುಳಿನಲ್ಲಿ ಆ ಬೆರಳಿನ ನಕ್ಷೆ ಅಳಿಯದೆ ಉಳಿದಿರುವುದರಿಂದ ಹೀಗಾಗುತ್ತದೆ. ಗುಂಡಿ ಹಾಕುವ ಕೊಕ್ಕೆ, ದಪ್ಪ ಹಿಡಿಯ ಚಮಚ, ಎಡಗೈಯಿಂದ ಬರೆಯುವ ಅಭ್ಯಾಸ, ಇವೆಲ್ಲ ಒಂದಾದ ಮೇಲೊಂದರಂತೆ ಬರುತ್ತವೆ. ಕಟ್ಟಕಡೆಗೆ ಕಾರ್ಖಾನೆಯ ಕೆಲಸವನ್ನೇ ಬಿಡಿಬಿಡಿಯಾಗಿ ವಿಂಗಡಿಸಿ, ಯಾವುದು ಸಾಧ್ಯ, ಯಾವುದಕ್ಕೆ ಉಪಕರಣ ಬದಲಾಗಬೇಕು, ಯಾವುದು ಅಪಾಯಕರ ಎಂದು ನಿರ್ಣಯಿಸುತ್ತಾರೆ.

ಬೆರಳಿಗೂ ಬೆಲೆಯುಂಟೇ ಎಂದು ನೀವು ಕೇಳಬಹುದು. 1923ರ ಕಾರ್ಮಿಕ ಪರಿಹಾರ ಕಾನೂನಿನಲ್ಲಿ, ತಿದ್ದುಪಡಿಗಳ ತರುವಾಯ, ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 30 ಪಾಲು ನಷ್ಟವಾಯಿತೆಂದೂ, ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗಾಗಲಿ ಕಿರುಬೆರಳಿಗಾಗಲಿ 7 ಪಾಲೆಂದೂ ಅದರಲ್ಲಿ ಎಣಿಸಲಾಗಿತ್ತು. ಪರಿಹಾರವನ್ನು ಕೊಡಲು ಇಂಥ ಲೆಕ್ಕ ಅವಶ್ಯವೇ ಸರಿ. ಆದರೆ ಬದುಕಿನ ಲೆಕ್ಕ ಬೇರೆ. ಸುತ್ತಿಗೆಯನ್ನಾಗಲಿ ಕುಡುಗೋಲನ್ನಾಗಲಿ ಬಿಗಿಯಾಗಿ ಹಿಡಿಯುವ ಬಲದಲ್ಲಿ ಕೊನೆಯ ಎರಡು ಬೆರಳುಗಳ ಪಾಲು ದೊಡ್ಡದು. ಏಳು ಪಾಲಿನ ಆ ಬೆರಳು ಕಮ್ಮಾರನಿಗೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಆತನನ್ನೇ ಕೇಳಬೇಕು. ಪಟ್ಟಿಯು ಬೆರಳನ್ನು ನೋಡುತ್ತದೆ. ಈ ಶಾಸ್ತ್ರವು ಬೆರಳಿನ ಒಡೆಯನನ್ನು ನೋಡುತ್ತದೆ.

ಈ ವಿದ್ಯೆಯ ಚರಿತ್ರೆಯೂ ಸ್ವಾರಸ್ಯವಾದುದು. ಅಮೆರಿಕದ ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬವರು ವೈದ್ಯರಲ್ಲ, ಕಟ್ಟಡಶಿಲ್ಪಿಗಳು. ಕ್ಷಯದಿಂದ ಬಳಲಿ, ಕಾಲ್ಬೆರಳುಗಳನ್ನು ಕಳೆದುಕೊಂಡು, ಎಡಭಾಗದ ಸ್ವಾಧೀನವೂ ತಪ್ಪಿದಾಗ, ಬಡಗಿಯ ಕೆಲಸದಿಂದಲೂ ತೋಟಗಾರಿಕೆಯಿಂದಲೂ ಅವರು ತಮ್ಮ ದೇಹವನ್ನು ತಾವೇ ತಿದ್ದಿಕೊಂಡರು. 1917ರ ಮಾರ್ಚಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಅವರೂ ಇತರ ಕೆಲವರೂ ಸೇರಿ ಈ ವಿದ್ಯೆಗೆ ಮೊದಲ ಸಂಘವನ್ನು ಕಟ್ಟಿದರು. ಅದೇ 1917ರಲ್ಲಿ, ಮಹಾಯುದ್ಧದಲ್ಲಿ ಅಂಗವಿಕಲರಾದ ಭಾರತೀಯ ಸೈನಿಕರಿಗೆ ಕೈಕೆಲಸ ಕಲಿಸಲು ಮುಂಬಯಿಯಲ್ಲಿ ಕ್ವೀನ್ ಮೇರಿ ಹೆಸರಿನ ಶಾಲೆಯೊಂದು ಹುಟ್ಟಿತು. ಅದು ಮುಂದೆ ಭೋಸರಿಯಿಂದ ದೂರವಲ್ಲದ ಖಡಕಿಗೆ ಬಂದು ನೆಲಸಿತು. 1944ರಲ್ಲಿ ಪುಣೆಯಲ್ಲಿ ಸೈನ್ಯದ ಕೃತಕಾವಯವ ಕೇಂದ್ರವೂ, 1974ರಲ್ಲಿ ಖಡಕಿಯಲ್ಲಿಯೇ ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿಯನ್ನು ಆಶ್ರಯಿಸಿದ ಸೈನಿಕರ ಪುನರ್ವಸತಿ ಕೇಂದ್ರವೂ ಸ್ಥಾಪಿತವಾದವು.

ಭಾರತದಲ್ಲಿ ಈ ಶಾಸ್ತ್ರವನ್ನು ಪಾಠಶಾಲೆಯ ವಿಷಯವನ್ನಾಗಿ ಮಾಡಿದ ಕೀರ್ತಿ ಶ್ರೀಮತಿ ಕಮಲಾ ನಿಂಬಕರರದು. ಅವರು ಅಮೆರಿಕದಲ್ಲಿ ಎಲಿಜಬೆತ್ ಲಂಡಿ ಎಂಬ ಹೆಸರಿನಿಂದ ಹುಟ್ಟಿ, ಮಹಾರಾಷ್ಟ್ರೀಯ ಗೃಹಸ್ಥರನ್ನು ವರಿಸಿ, ಭಾರತೀಯರೇ ಆಗಿ ಬಾಳಿದರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರ ಪ್ರಯತ್ನದಿಂದ ಈ ವಿದ್ಯೆಯ ಮೊದಲ ಶಾಲೆ ತೆರೆಯಿತು. 1952ರಲ್ಲಿ ಅಖಿಲ ಭಾರತ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಸ್ಥಾಪಿತವಾದ ಜಾಗತಿಕ ಒಕ್ಕೂಟದ ಹತ್ತು ಮೂಲಸದಸ್ಯ ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ಕ್ರಿಯೆಯು ಮನುಷ್ಯನನ್ನು ಎಲ್ಲಿಯವರೆಗೆ ಎತ್ತಬಲ್ಲುದೆಂಬುದಕ್ಕೆ ನಿದರ್ಶನವೂ ಹತ್ತಿರದಲ್ಲಿಯೇ ಇದೆ. ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟಕರರು ಸೈನ್ಯದಲ್ಲಿ ಮುಷ್ಟಿಯುದ್ಧದ ಪಟುವಾಗಿದ್ದರು. 1965ರ ಯುದ್ಧದಲ್ಲಿ ಗುಂಡುಗಳು ತಗುಲಿ ಕಾಲುಗಳ ಶಕ್ತಿ ಹೋಯಿತು. ಚಿಕಿತ್ಸೆಯ ಅಂಗವಾಗಿ ನೀರಿಗಿಳಿದ ಅವರು, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ 50 ಮೀಟರ್ ಈಜಿನಲ್ಲಿ ಸ್ವರ್ಣಪದಕವನ್ನು ಗೆದ್ದರು. ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ದುಡಿದರು. 2018ರಲ್ಲಿ ಪದ್ಮಶ್ರೀ ಪಡೆದರು. ಎಲ್ಲರೂ ಪದಕ ಗೆಲ್ಲಲಾರರು, ಗೆಲ್ಲಬೇಕಾಗಿಯೂ ಇಲ್ಲ. ಆದರೆ ಮಾಡಲು ಒಂದು ಕೆಲಸ ದೊರೆತಾಗ ಮನುಷ್ಯನು ರೋಗಿಯಾಗಿರುವುದನ್ನು ಬಿಟ್ಟು ಮತ್ತೆ ಮನುಷ್ಯನಾಗುತ್ತಾನೆಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಇನ್ನು ವ್ಯಾಸಂಗದ ವಿಷಯ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರು ಈ ಪದವಿಗೆ ಅರ್ಹರು. ನಾಲ್ಕು ವರ್ಷಗಳ ಪಾಠ, ಆರು ತಿಂಗಳ ಆಸ್ಪತ್ರೆಯ ಸೇವೆ, ಹೀಗೆ ನಾಲ್ಕೂವರೆ ವರ್ಷವೆಂಬುದು ಬಹುಕಾಲ ನಡೆದುಬಂದ ಕ್ರಮ. 2021ರಲ್ಲಿ ಬಂದ ಕಾನೂನಿನ ಮೇರೆಗೆ ರಾಷ್ಟ್ರೀಯ ಆಯೋಗವೊಂದು ಏರ್ಪಟ್ಟು ನಿಯಮಗಳು ಹೊಸದಾಗಿ ರೂಪುಗೊಳ್ಳುತ್ತಿರುವುದರಿಂದ, ಸೇರುವ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕಬೇಕು. ಮೊದಲು ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ. ತರುವಾಯ ಚಲನಶಾಸ್ತ್ರ, ರೋಗವಿಜ್ಞಾನ. ಆಮೇಲೆ ಎಲುಬು, ನರ, ಮಕ್ಕಳ ರೋಗ, ಮಾನಸಿಕ ರೋಗಗಳು. ಇವುಗಳ ಜೊತೆಗೆ ಸ್ಪ್ಲಿಂಟ್ ಮಾಡುವ ಕೈಕೆಲಸ. ಜಾಗತಿಕ ಒಕ್ಕೂಟದ ನಿಯಮದಂತೆ ಕನಿಷ್ಠ ಒಂದು ಸಾವಿರ ಗಂಟೆಗಳನ್ನು ರೋಗಿಗಳ ನಡುವೆ ಕಳೆಯಲೇಬೇಕು. ಮುಂಬಯಿಯ ಕೆ.ಇ.ಎಂ., ನಾಯರ್, ಶೀವದ ಲೋಕಮಾನ್ಯ ತಿಲಕ ಆಸ್ಪತ್ರೆಗಳ ವಿದ್ಯಾಲಯಗಳಲ್ಲಿಯೂ, ನಾಗಪುರದ ಸರಕಾರಿ ವೈದ್ಯಕೀಯ ವಿದ್ಯಾಲಯದಲ್ಲಿಯೂ, ಕರ್ನಾಟಕದ ಮಣಿಪಾಲದಲ್ಲಿಯೂ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ವಿದ್ಯಾಲಯದಲ್ಲಿಯೂ ಈ ವ್ಯಾಸಂಗಕ್ಕೆ ಅವಕಾಶವುಂಟು. ಮುಂದೆ ಸ್ನಾತಕೋತ್ತರ ಪದವಿಯಲ್ಲಿ ಕೈ, ನರ, ಮಕ್ಕಳು, ಮನಸ್ಸು ಮೊದಲಾದ ಒಂದು ಶಾಖೆಯಲ್ಲಿ ಪರಿಣತಿಯನ್ನು ಪಡೆಯಬಹುದು.

ಕಾರ್ಖಾನೆಯ ಕೈಗಳಷ್ಟೇ ಇದರ ಕ್ಷೇತ್ರವಲ್ಲ. ಪಾರ್ಶ್ವವಾಯುವಿನಿಂದ ಒಂದು ಪಕ್ಕವನ್ನೇ ಮರೆತ ವೃದ್ಧರು, ಸದ್ದಿಗೂ ಸ್ಪರ್ಶಕ್ಕೂ ಬೆದರುವ ಆಟಿಸಂ ಮಕ್ಕಳು, ಮನಸ್ಸಿನ ರೋಗದಿಂದ ದಿನಚರಿಯೇ ಕುಸಿದುಬಿದ್ದ ತರುಣರು, ಎಲ್ಲರೂ ಇದರ ಆಶ್ರಯಕ್ಕೆ ಬರುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇಂಗ್ಲಿಷಿನ ಈ ವ್ಯಾಸಂಗ ದಕ್ಕೀತೇ ಎಂಬ ಅಂಜಿಕೆ ಸಹಜ. ಮೊದಲ ವರ್ಷ ಕಷ್ಟವಾಗುವುದೆಂಬುದನ್ನು ಮುಚ್ಚಿಡಲಾರೆ. ಎಲುಬುಗಳ ಲ್ಯಾಟಿನ್ ಹೆಸರುಗಳಾದರೋ ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ. ಎಲ್ಲರೂ ಅವನ್ನು ಬಾಯಿಪಾಠ ಮಾಡಬೇಕಾದವರೇ. ಆದರೆ ನಾಲ್ಕನೆಯ ವರ್ಷದಲ್ಲಿ ಒಂದು ದಿನ ಪರಭಾಷೆಯ ಊರಿನ ಆಸ್ಪತ್ರೆಯಲ್ಲಿ ಮೌನವಾಗಿ ಕುಳಿತ ರೋಗಿಯನ್ನು “ಯಾವೂರಪ್ಪಾ ನಿಮ್ಮದು?” ಎಂದು ಕನ್ನಡದಲ್ಲಿ ಕೇಳಬಲ್ಲವನಿಗೆ, ಬೇರೆಯವರಿಗೆ ತೆರೆಯದ ಬಾಗಿಲು ತೆರೆಯುತ್ತದೆ. ನಿನಗೆ ಮೊದಲು ಏನು ಮಾಡಬೇಕೆಂಬ ಆಸೆಯಿದೆ ಎಂಬ ಪ್ರಶ್ನೆಯಿಂದಲ್ಲವೇ ಈ ಚಿಕಿತ್ಸೆ ಆರಂಭವಾಗುವುದು? ಆ ಪ್ರಶ್ನೆಗೆ ಮನುಷ್ಯನು ಮನಸಾರೆ ಉತ್ತರ ಕೊಡುವುದು ತಾಯ್ನುಡಿಯಲ್ಲಿ. ಮರಾಠಿಯನ್ನೂ ಹಿಂದಿಯನ್ನೂ ಕನ್ನಡವನ್ನೂ ಬಲ್ಲ ನಗರದ ಕನ್ನಡ ವಿದ್ಯಾರ್ಥಿಗೆ ಇದು ದೊಡ್ಡ ಬಂಡವಾಳ.

ಈ ವೃತ್ತಿಯಿಂದ ಬೇಗನೆ ಸಿರಿ ಬರುವುದೆಂದು ಹೇಳಿದರೆ ಸುಳ್ಳಾದೀತು. ವೈದ್ಯರಿಗಿರುವ ಹೆಸರು ಇದಕ್ಕಿಲ್ಲ. ಏನು ಓದುತ್ತೀಯೆ ಎಂದು ಕೇಳಿದ ನೆಂಟರಿಗೆ ಪ್ರತಿಸಲವೂ ವಿವರಿಸಿ ಹೇಳಬೇಕಾದೀತು. ಫಲವೂ ನಿಧಾನ. ಒಂದು ಗುಂಡಿಯನ್ನು ಹಾಕಿಕೊಳ್ಳಲು ಒಬ್ಬನಿಗೆ ಮೂರು ವಾರ ಹಿಡಿಯಬಹುದು. ಆ ಮೂರು ವಾರವೂ ಬೇಸರಿಸದೆ ಪಕ್ಕದಲ್ಲಿ ಕುಳಿತಿರುವ ತಾಳ್ಮೆಯೂ, ನಾನೇ ಹಾಕಿಬಿಡುತ್ತೇನೆಂದು ಕೈಚಾಚದೆ ಇರುವ ಸಂಯಮವೂ ನಿಮ್ಮಲ್ಲಿದ್ದರೆ, ಈ ವಿದ್ಯೆಗೆ ನೀವು ಯೋಗ್ಯರು.

ಕೈ ಕೆಸರಾದರೆ ಬಾಯಿ ಮೊಸರೆಂದು ನಮ್ಮ ಹಿರಿಯರು ಹೇಳಿದರು. ಆ ಕೈಯೇ ಕೆಡುವ ದಿನವೂ ಬರುವುದುಂಟು. ಭೋಸರಿಯ ಪಾಳಿಗಳು ನಾಳೆಯೂ ನಡೆಯುವುವು. ಯಂತ್ರಕ್ಕೆ ಕಾವಲುಪಟ್ಟಿಯನ್ನು ಹಾಕಿಸುವುದು ಮೊದಲ ಕರ್ತವ್ಯ. ಅದಕ್ಕೆ ಸರಿಯಾದುದು ಬೇರೊಂದಿಲ್ಲ. ಆದರೂ ಗಾಯಗೊಂಡ ಕೈಯೊಂದು ಜೇಬಿನಿಂದ ಹೊರಬಂದು, ತಾನಾಗಿಯೇ ರೊಟ್ಟಿ ಮುರಿದು, ಮಗುವನ್ನು ಎತ್ತಿಕೊಳ್ಳುವ ದಿನವನ್ನು ತರಬಲ್ಲವರೂ ಬೇಕು. ಅಂಥವರಲ್ಲಿ ಒಬ್ಬಿಬ್ಬರಾದರೂ ನಮ್ಮ ಈ ಶಾಲೆಯ ಬೆಂಚುಗಳಿಂದ ಎದ್ದು ಹೋಗಲಿ.