ಕೀಟಗಳು ದೀಪದ ಬೆಳಕಿಗೆ ಮುತ್ತುವುದೇಕೆ? – ರೈತರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಮನೆಯ ಹೊರದೀಪಕ್ಕೆ ರೆಕ್ಕೆ ಗೆದ್ದಲು, ಪತಂಗ ಹಾಗೂ ದುಂಬಿಗಳು ಮುತ್ತುವುದು ಸರ್ವೇಸಾಮಾನ್ಯ. ಶೇಂಗಾ ಬೆಳೆಯನ್ನು ಕಾಡುವ ಕೆಂಪು ಕಂಬಳಿಹುಳುವಿನ ಹತೋಟಿಗೆ ಬಳಸುವ ದೀಪಾಕರ್ಷಕ ಬಲೆಯೂ ಇದೇ ಸ್ವಭಾವವನ್ನು ಅವಲಂಬಿಸಿದೆ. ಬಲೆಯ ಬಗ್ಗೆ ವಿಚಾರಿಸುವ ರೈತರು ಇದರ ಕಾರಣವನ್ನೂ ಅರಿತಿರುವುದು ಸೂಕ್ತ.

ದಿಕ್ಕು ತಿಳಿಯಲು ಚಂದ್ರನನ್ನು ನಂಬುವ ಕೀಟಗಳು ದೀಪವನ್ನೇ ಚಂದ್ರನೆಂದು ಭ್ರಮಿಸುತ್ತವೆ ಎಂಬ ವಿವರಣೆ ಬಹುಕಾಲ ಪ್ರಚಲಿತವಾಗಿತ್ತು. ಶಾಖಕ್ಕಾಗಿ ಬರುತ್ತವೆ ಎಂಬ ನಂಬಿಕೆಯೂ ಇತ್ತು. ಆದರೆ ಹೆಚ್ಚು ಬಿಸಿಯಾಗದ ಎಲ್‌ಇಡಿ ದೀಪಕ್ಕೂ ಅವು ಮುತ್ತುವುದನ್ನು ಯಾರಾದರೂ ಕಾಣಬಹುದು.

2024ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೊಂಧಿ ಮತ್ತು ಸಹಸಂಶೋಧಕರ ಅಧ್ಯಯನವು ಬೇರೊಂದು ಕಾರಣವನ್ನು ಮುಂದಿಟ್ಟಿದೆ. ಅತಿವೇಗದ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದಾಗ, ಕೀಟಗಳು ದೀಪದತ್ತ ನೇರವಾಗಿ ಧಾವಿಸದೆ, ಅದರ ಕಡೆಗೆ ಬೆನ್ನು ತಿರುಗಿಸಿ ಹಾರುತ್ತಿದ್ದುದು ಕಂಡುಬಂದಿತು. ರಾತ್ರಿಯಲ್ಲಿಯೂ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಗಿರುವುದರಿಂದ, ಬೆನ್ನನ್ನು ಬೆಳಕಿನ ಕಡೆಗಿಟ್ಟರೆ ಕೀಟದ ಹಾರಾಟ ಸಮತೋಲನದಲ್ಲಿರುತ್ತದೆ. ಪಕ್ಕದಲ್ಲಿ ದೀಪವಿದ್ದಾಗ ಅದೇ ಅಭ್ಯಾಸದಿಂದ ದೇಹ ವಾಲಿ, ಕೀಟವು ದೀಪವನ್ನು ಸುತ್ತತೊಡಗುತ್ತದೆ. ಬೆಳಕು ಕೆಳಗಿನಿಂದ ಮೇಲಕ್ಕೆ ಬಂದರೆ ಮಗುಚಿ ನೆಲಕ್ಕೆ ಬೀಳುತ್ತದೆ. ಅಂದರೆ, ಕೀಟವು ಆಕರ್ಷಿತವಾಗಿದೆ ಎನ್ನುವುದಕ್ಕಿಂತ ಸಿಕ್ಕಿಕೊಂಡಿದೆ ಎನ್ನುವುದೇ ಸರಿ. ಆದಾಗ್ಯೂ ಎಲ್ಲ ಕೀಟಗಳೂ ಹೀಗೆ ವರ್ತಿಸುವುದಿಲ್ಲ. ಕಣಗಿಲೆ ಗಿಡದ ಪತಂಗವು ದೀಪದ ಮೇಲೆಯೇ ನಿರಾತಂಕವಾಗಿ ಹಾರಿಹೋಗಿರುವುದು ದಾಖಲಾಗಿದೆ.

ಅನೇಕ ಕೀಟಗಳ ಕಣ್ಣು ಅತಿನೇರಳೆ ಹಾಗೂ ನೀಲಿ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತದೆ. ಆದ್ದರಿಂದ ಅಂತಹ ದೀಪವುಳ್ಳ ಬಲೆಗೆ ಹೆಚ್ಚು ಪತಂಗಗಳು ಬೀಳುತ್ತವೆ. ಮನೆಯ ಹೊರದೀಪಕ್ಕೆ ಹಳದಿ ಬೆಳಕು ಮೇಲು. ಬೆಳಕು ಮೇಲಕ್ಕೆ ಹರಡದಂತೆ ಮುಚ್ಚಿಗೆ ಅಳವಡಿಸುವುದು ಒಳ್ಳೆಯದು.

ಕೆಂಪು ಕಂಬಳಿಹುಳುವಿನ ಕೋಶಗಳು ಮಣ್ಣಿನಲ್ಲಿದ್ದು, ಉತ್ತಮ ಮಳೆಯಾದ ಬಳಿಕ ಪತಂಗಗಳು ಹೊರಬರುತ್ತವೆ. ಅವು ಮೊಟ್ಟೆಯಿಡುವ ಮುನ್ನವೇ ಬಲೆ ಸಿದ್ಧವಿರಬೇಕು. ಮರಿಹುಳುಗಳು ಸಾಲುಗಟ್ಟಿ ಹೊಲದಿಂದ ಹೊಲಕ್ಕೆ ನಡೆಯತೊಡಗಿದ ಮೇಲೆ ದೀಪ ಹಚ್ಚಿ ಪ್ರಯೋಜನವಿಲ್ಲ. ದೀಪದ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ ಇರಿಸತಕ್ಕದ್ದು. ಒಬ್ಬ ರೈತನ ಹೊಲದಲ್ಲಿ ಮಾತ್ರ ಬಲೆಯಿದ್ದು ಸುತ್ತಲಿನ ಹೊಲಗಳಲ್ಲಿ ಇಲ್ಲದಿದ್ದರೆ, ಅಲ್ಲಿ ಹುಟ್ಟಿದ ಹುಳುಗಳು ಈತನ ಬೆಳೆಗೂ ಬರುತ್ತವೆ. ಇದರಿಂದ ಹಾಕಿದ ಶ್ರಮ ವ್ಯರ್ಥವಾಗುವುದುಂಟು. ಆದಕಾರಣ ಗ್ರಾಮದ ರೈತರು ಒಟ್ಟಾಗಿ ಒಂದೇ ಅವಧಿಯಲ್ಲಿ ಬಲೆಗಳನ್ನು ಇರಿಸುವುದು ಅವಶ್ಯ. ಬಲೆಗೆ ಉಪಕಾರಿ ಕೀಟಗಳೂ ಬೀಳುವುದರಿಂದ ಇಡೀ ರಾತ್ರಿ, ಇಡೀ ಹಂಗಾಮು ದೀಪ ಉರಿಸಬಾರದು.

ಹೆಚ್ಚಿನ ಮಾಹಿತಿಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.